ವಾಚಿನ ದೋಷ, ಮನೆಯ ಲೆಕ್ಕ: ಇಟ್ಟುಕೊಳ್ಳುವುದೋ, ರಿಪೇರಿಯೋ, ವಾಪಸೋ?

ದಿನಕ್ಕೆ 86,400 ಸೆಕೆಂಡು. ಕೀ ಕೊಡುವ ಎಚ್‌ಎಂಟಿ ವಾಚಿನ ಬ್ಯಾಲೆನ್ಸ್ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ದಿನಕ್ಕೆ ಇದು 4,32,000 ಮಿಡಿತ. ವರ್ಷವಿಡೀ ನಿಲ್ಲದೆ ನಡೆದರೆ 15 ಕೋಟಿ 76 ಲಕ್ಷ 80 ಸಾವಿರ. ಇಂಥ ವಾಚು ದಿನಕ್ಕೆ 20 ಸೆಕೆಂಡು ಹಿಂದೆ ಬಿದ್ದರೆ ತಪ್ಪು 4,320ರಲ್ಲಿ ಒಂದು ಪಾಲು. 5 ನಿಮಿಷ ಹಿಂದೆ ಬಿದ್ದರೆ 288ರಲ್ಲಿ ಒಂದು ಪಾಲು, ತಿಂಗಳಿಗೆ ಎರಡೂವರೆ ಗಂಟೆ. ಎರಡನ್ನೂ ಬಾಯಿಮಾತಿನಲ್ಲಿ ‘ಟೈಮ್ ಸರಿ ಇಲ್ಲ’ ಎಂದೇ ಹೇಳುತ್ತೇವೆ. ಆದರೆ ಮೊದಲನೆಯದನ್ನು ಹಾಗೇ ಕಟ್ಟಿಕೊಳ್ಳಬಹುದು, ಎರಡನೆಯದಕ್ಕೆ ಹಣ ಖರ್ಚಾಗುತ್ತದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮನೆಗಳಿಗೆ ಕೊರಿಯರ್‌ನಲ್ಲಿ ಬರುವ ವಾಚುಗಳಲ್ಲಿ ಎರಡು ಬಗೆಯವು ಈ ಲೆಕ್ಕ ಕೇಳುತ್ತವೆ. ಒಂದು, ‘ಹಳೆಯ ಎಚ್‌ಎಂಟಿ’ ಎಂದು ಮಾರುವ, ಡಯಲ್‌ಗೆ ಹೊಸ ಬಣ್ಣ ಬಳಿದ ವಾಚು. ಇನ್ನೊಂದು, ವಿದೇಶಿ ಕಂಪನಿಯ ಹೆಸರು ಹೊತ್ತ ‘ಫಸ್ಟ್ ಕಾಪಿ’.

ಎಚ್‌ಎಂಟಿ ಹೆಸರಿನ ಬೆಲೆ

ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 17 ಜ್ಯುವೆಲ್‌ಗಳ ಜನತಾ, ಪೈಲಟ್ ವಾಚುಗಳು ಮದುವೆಯ ಉಡುಗೊರೆಯಾಗಿ, ನಿವೃತ್ತಿಯ ನೆನಪಾಗಿ ನಾಡಿನ ಮನೆಮನೆ ಸೇರಿದವು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ವಾಚಿಗೆ ಬೇಡಿಕೆ ಇರುವುದರಿಂದಲೇ ಹಳೆಯ ಯಂತ್ರಕ್ಕೆ ಹೊಸ ಮುಖ ಅಂಟಿಸುವ ವ್ಯಾಪಾರವೂ ನಡೆಯುತ್ತಿದೆ. ಒಂದು ವಾಚಿನ ಯಂತ್ರ, ಇನ್ನೊಂದರ ಮುಳ್ಳು, ಕಾರ್ಖಾನೆ ಎಂದೂ ಹಚ್ಚದ ಬಣ್ಣ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಫಸ್ಟ್ ಕಾಪಿಯ ಕಥೆ ಇನ್ನೂ ದೊಡ್ಡದು. ಒಇಸಿಡಿ ಮತ್ತು ಐರೋಪ್ಯ ಒಕ್ಕೂಟದ ಬೌದ್ಧಿಕ ಆಸ್ತಿ ಕಚೇರಿಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ನಕಲಿ ಸರಕಿನ ವ್ಯಾಪಾರ 467 ಶತಕೋಟಿ ಡಾಲರ್, ಒಟ್ಟು ಆಮದಿನ ಶೇ 2.3. ಕೈಗಡಿಯಾರವೂ ಆ ಪಟ್ಟಿಯಲ್ಲಿದೆ.

ಮೊದಲ ಕೆಲಸ: 3 ದಿನದ ಅಳತೆ

ಮೊಬೈಲಿನ ಸಮಯಕ್ಕೆ ವಾಚು ಹೊಂದಿಸಿ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಪೂರ್ತಿ ಕೀ ಕೊಟ್ಟು, ವ್ಯತ್ಯಾಸ ಬರೆದಿಡಿ. 3 ದಿನದ ಸರಾಸರಿ ಸಿಕ್ಕರೆ ವಾಚಿನ ಗುಣ ತಿಳಿಯುತ್ತದೆ. ಹಳೆಯ ಕೀ ವಾಚಿಗೆ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ:

- 30 ಸೆಕೆಂಡಿನೊಳಗೆ: ಇಟ್ಟುಕೊಳ್ಳಿ.
- 30 ಸೆಕೆಂಡಿನಿಂದ 2 ನಿಮಿಷ: ವೇಗ ಹೊಂದಿಸಿದರೆ ಸಾಕಾಗಬಹುದು.
- 2 ನಿಮಿಷ ಮೀರಿ ಹಿಂದೆ: ಯಂತ್ರ ಬಿಚ್ಚಿ, ತೊಳೆದು, ಎಣ್ಣೆ ಹಾಕುವ ಸರ್ವಿಸ್ ಬೇಕು.
- ಒಮ್ಮೆಲೇ ಹಲವು ನಿಮಿಷ ಮುಂದೆ: ಸ್ಪೀಕರ್‌ನಂಥ ವಸ್ತುವಿನ ಅಯಸ್ಕಾಂತ ತಗುಲಿರಬಹುದು. ಇದಾದರೆ ತೆಗೆಯುವುದು ಕೆಲವೇ ನಿಮಿಷದ ಕೆಲಸ.

ಈ ಅಳತೆಯನ್ನು ಸೆಲ್ ಹಾಕುವ ಕ್ವಾರ್ಟ್ಜ್ ವಾಚಿಗೆ ಹಚ್ಚಬೇಡಿ. ಅದರ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡಿನ ಆಸುಪಾಸಿನಲ್ಲಿರಬೇಕು. ದಿನಕ್ಕೇ 15 ಸೆಕೆಂಡು ತಪ್ಪಿದರೆ ದೋಷ ಸಣ್ಣದಲ್ಲ.

ಮಲೆನಾಡಿನಲ್ಲಿ ಇನ್ನೊಂದು ಪರೀಕ್ಷೆಯನ್ನು ಬಿಡಬಾರದು. ಮೂಡಿಗೆರೆ, ಕಳಸದ ಸೀಮೆಯ ಬಹುಭಾಗದಲ್ಲಿ ವರ್ಷಕ್ಕೆ 2,000 ಮಿ.ಮೀ. ಮೀರಿ ಮಳೆಯಾಗುತ್ತದೆ. ವಾಚಿನ ಬೆನ್ನಿಗೆ ‘30 ಮೀಟರ್’ ಎಂದಿದ್ದರೆ ಅದು 30 ಮೀಟರ್ ಆಳದ ನೀರಿಗೆ ಕೊಟ್ಟ ಮಾತಲ್ಲ, ಹನಿ ಸಿಡಿದರೆ ತಡೆದೀತು ಎಂದಷ್ಟೇ ಅರ್ಥ. ಗಾಜಿನ ಒಳಗೆ ಹಬೆ ಕಂಡರೆ ‘ಇರಲಿ ಬಿಡು’ ಅನ್ನಬೇಡಿ. ಉಕ್ಕಿನ ಬಿಡಿಭಾಗಕ್ಕೆ ತುಕ್ಕು ಹತ್ತಿದ ಮೇಲೆ ಅಗ್ಗದ ರಿಪೇರಿ ದುಬಾರಿಯಾಗುತ್ತದೆ.

ರಿಪೇರಿಗೆ ಊರಿನ ದೂರವೂ ಸೇರುತ್ತದೆ

ಸೆಲ್ ಬದಲಿಸುವುದು ಊರಲ್ಲೇ ಆದೀತು. ಕೀ ವಾಚಿನ ಯಂತ್ರ ಬಿಚ್ಚುವ ಕೈಯನ್ನು ಹುಡುಕಿ ಜಿಲ್ಲಾ ಕೇಂದ್ರಕ್ಕೇ ಹೋಗಬೇಕಾಗಿ ಬಂತು ಎನ್ನೋಣ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30 ಕಿ.ಮೀ., ಕಳಸದಿಂದ ಸುಮಾರು 90. ಕೊಡಲು ಒಮ್ಮೆ, ತರಲು ಒಮ್ಮೆ ಹೋಗಿಬಂದರೆ ಮೂಡಿಗೆರೆಯವರಿಗೆ 120 ಕಿ.ಮೀ., ಕಳಸದವರಿಗೆ 360 ಕಿ.ಮೀ. ಪ್ರಯಾಣ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ವಾಚಿಗೆ ಕೊಟ್ಟದ್ದು 2,000 ರೂ., ಸರ್ವಿಸ್‌ಗೆ 600 ರೂ., ಬಸ್ಸಿಗೆ ಕಿ.ಮೀ.ಗೆ 1.25 ರೂ., ಒಂದು ದಿನದ ದುಡಿಮೆ 500 ರೂ.

- ಚಿಕ್ಕಮಗಳೂರು ಪೇಟೆಯವರಿಗೆ: ರಿಪೇರಿ 600. ಒಟ್ಟು 2,600 ರೂ.
- ಮೂಡಿಗೆರೆಯವರಿಗೆ: 600, ಬಸ್ಸು 150, ಎರಡು ಅರ್ಧ ದಿನ 500, ರಿಪೇರಿ 1,250. ಒಟ್ಟು 3,250 ರೂ.
- ಕಳಸದವರಿಗೆ: 600, ಬಸ್ಸು 450, ಎರಡು ದಿನ 1,000, ರಿಪೇರಿ 2,050. ಒಟ್ಟು 4,050 ರೂ.

ಒಂದೇ ವಾಚು, ಒಂದೇ ದೋಷ. ಕಳಸದಲ್ಲಿ ಮಾತ್ರ ರಿಪೇರಿಯ ಖರ್ಚು ವಾಚಿನ ಬೆಲೆಯನ್ನೇ ದಾಟಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ 450 ರೂ. ಉಳಿದೀತು; ಹೋದ ಎರಡು ದಿನ ಉಳಿಯುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಕಚೇರಿಯ ಕೆಲಸವಿದ್ದಾಗ ವಾಚನ್ನೂ ಜೊತೆಗೊಯ್ದರೆ ಮಾತ್ರ ಕಳಸದವರ ಖರ್ಚು 600ಕ್ಕೆ ಇಳಿಯುತ್ತದೆ.

ಕಾಫಿ ಮಾರುವವರಿಗೆ ಈ ತರ್ಕ ಹೊಸದಲ್ಲ. 50 ಕೆ.ಜಿ. ಚೆರ್ರಿ ಚೀಲದ ತೂಕ ನೋಡಿ ಯಾರೂ ಸುಮ್ಮನಾಗುವುದಿಲ್ಲ, ಓಟಿ (ಔಟ್‌ಟರ್ನ್, ಅಂದರೆ ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ಪಾಲು) ಎಷ್ಟು ಎಂದು ಕೇಳುತ್ತಾರೆ. ವಾಚಿಗೆ ಕೊಟ್ಟ ಬೆಲೆ ಚೀಲದ ತೂಕವಿದ್ದಂತೆ. ರಿಪೇರಿ, ಬಸ್ಸು, ದಿನ ಎಲ್ಲ ಸೇರಿಸಿದ ಮೊತ್ತಕ್ಕೆ ಬಿಲ್ ಮತ್ತು ಗ್ಯಾರಂಟಿ ಇರುವ ಅಸಲಿ ವಾಚು ಸಿಗುವುದಾದರೆ ಆ ರಿಪೇರಿಗೆ ಅರ್ಥವಿಲ್ಲ. ಮನೆಯ ಹಿರಿಯರ ವಾಚಾದರೆ ಮಾತು ಬೇರೆ. ಅದು ಬೆಲೆಗೆ ಕೊಂಡದ್ದಲ್ಲ.

ವಾಪಸಿಗೆ ಇರುವ ದಿನಗಳು

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಆನ್‌ಲೈನ್ ಮಾರಾಟಕ್ಕೆ 2020ರ ಇ-ಕಾಮರ್ಸ್ ನಿಯಮಗಳಿವೆ: ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, 1 ತಿಂಗಳೊಳಗೆ ಪರಿಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಾಚೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂ.ವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ದೂರು ಕೊಡಲು 2 ವರ್ಷ ಕಾಲಾವಕಾಶವಿದೆ. ಮಾರಿದವನು ದೆಹಲಿಯಲ್ಲಿರಲಿ, ಮುಂಬೈಯಲ್ಲಿರಲಿ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇದಕ್ಕೆಲ್ಲ ದಾಖಲೆ ಬೇಕು: ಪೊಟ್ಟಣ ಬಿಚ್ಚುವಾಗಿನ ವಿಡಿಯೊ, ಜಾಹೀರಾತಿನ ಚಿತ್ರ, ಹಣ ಕಳಿಸಿದ ಯುಪಿಐ ವಿವರ, 3 ದಿನದ ಅಳತೆಯ ಚೀಟಿ. ವಾಪಸಿಗೆ 7 ದಿನ ಎಂದಿದ್ದರೆ ಅಳತೆಗೆ ಹೋದ 3 ಕಳೆದು ಕೈಯಲ್ಲಿ ಉಳಿಯುವುದು 4 ದಿನ. ನೆನಪಿಡಿ: ಹಿಂಬದಿ ಮುಚ್ಚಳ ಒಮ್ಮೆ ತೆಗೆಸಿದರೆ ‘ನೀವೇ ಕೆಡಿಸಿದಿರಿ’ ಎನ್ನಲು ಮಾರಿದವನಿಗೆ ದಾರಿಯಾಗುತ್ತದೆ. ವಾಪಸೋ ರಿಪೇರಿಯೋ ಎಂಬುದು ಅದಕ್ಕೂ ಮೊದಲೇ ತೀರ್ಮಾನವಾಗಬೇಕು.

ಫಸ್ಟ್ ಕಾಪಿಗೆ ಈ ರಕ್ಷಣೆ ತೆಳು. ಅಸಲಿ ಎಂದು ನಂಬಿಸಿ ನಕಲಿ ಮಾರಿದ್ದರೆ ಕಾನೂನು ಕೊಂಡವರ ಪರ ಗಟ್ಟಿಯಾಗಿ ನಿಲ್ಲುತ್ತದೆ. ನಕಲಿ ಎಂದು ಗೊತ್ತಿದ್ದೇ ಕೊಂಡಿದ್ದರೆ ‘ಮೋಸವಾಯಿತು’ ಎನ್ನುವ ವಾದ ನಿಲ್ಲುವುದು ಕಷ್ಟ, ಬಿಲ್ಲೂ ಇರುವುದಿಲ್ಲ. ಬೇರೆಯವರಿಗೆ ಮಾರಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಸುಳ್ಳು ಟ್ರೇಡ್‌ಮಾರ್ಕ್ ಹೊತ್ತ ಸರಕು ಮಾರಿದವರಿಗೆ ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರಡಿ 6 ತಿಂಗಳಿನಿಂದ 3 ವರ್ಷ ಜೈಲು, 50,000 ರೂ.ನಿಂದ 2 ಲಕ್ಷ ರೂ. ದಂಡವಿದೆ.

ತೀರ್ಮಾನ

ಡಯಲ್‌ನ ಸಣ್ಣ ಗೀರು, ಓರೆಯಾದ ಒಂದು ಅಂಕಿ, 30 ಸೆಕೆಂಡಿನೊಳಗಿನ ವ್ಯತ್ಯಾಸ: ಇಟ್ಟುಕೊಳ್ಳಿ. ಹಳೆಯ ಯಂತ್ರ ಅಸಲಿಯಾಗಿದ್ದು, ದೂರವನ್ನೂ ಸೇರಿಸಿದ ಖರ್ಚು ಹೊಸ ವಾಚಿನ ಬೆಲೆಯೊಳಗೆ ಬಂದರೆ ರಿಪೇರಿ ಮಾಡಿಸಿ. ಹೇಳಿದ್ದೊಂದು ಬಂದದ್ದೊಂದು ಆಗಿದ್ದರೆ ಅದೇ ವಾರ ವಾಪಸ್ ಮಾಡಿ. ಹೆಸರೇ ಸುಳ್ಳಾದ ವಾಚನ್ನು ಯಾವ ರಿಪೇರಿಯೂ ಅಸಲಿ ಮಾಡದು. ಅದಕ್ಕೆ ವಾಪಸಲ್ಲದೆ ಬೇರೆ ದಾರಿ ನೋಡಬೇಡಿ. ವಾಪಸೂ ಆಗದಿದ್ದರೆ ಆ 2,000 ರೂ. ಹೋಯಿತೆಂದು ಬರೆದುಕೊಂಡು, ಅದರ ಮೇಲೆ ಇನ್ನೊಂದು ರೂಪಾಯಿಯನ್ನೂ ಹಾಕಬೇಡಿ.