ಬೆಳೆಸಾಲ ಬೇರೆ, ಬೆಳವಣಿಗೆಯ ಬಂಡವಾಳ ಬೇರೆ



ಸಂಘದ ಕಚೇರಿಗೆ ಬರುವ ಸದಸ್ಯರು ಸಾಮಾನ್ಯವಾಗಿ ಕೇಳುವುದು "ಸಾಲ ಎಷ್ಟು ಸಿಗುತ್ತದೆ?" ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: "ಈ ಕೆಲಸಕ್ಕೆ ಯಾವ ಸಾಲ ಸರಿ?"

ಗೊಬ್ಬರ, ಬೋರ್ಡೋ ಸಿಂಪಡಣೆ, ಕೊಯ್ಲಿನ ಕೂಲಿ ಇವೆಲ್ಲ ವರ್ಷದೊಳಗೆ ಫಸಲಿನ ರೂಪದಲ್ಲಿ ಮರಳುವ ಖರ್ಚು. ಬೆಳೆಸಾಲ ಇರುವುದು ಇವಕ್ಕೆ. ಪಲ್ಪರು, ಕಾಂಕ್ರೀಟ್ ಕಣ, ಅಡಿಕೆ ಸುಲಿಯುವ ಯಂತ್ರ, ಹೊಸ ತೋಟ ಇವು ಹಲವು ವರ್ಷ ದುಡಿಯುವಂಥವು. ಅರೇಬಿಕಾ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ, ಅಡಿಕೆಗೆ ಐದಾರು ವರ್ಷ ಬೇಕು.

ರಾಜ್ಯ ಸರ್ಕಾರ 2023-24ರಲ್ಲಿ ಸಹಕಾರ ಸಂಘಗಳ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಬಡ್ಡಿ ಇಲ್ಲವಲ್ಲ ಎಂದು ಆ ಹಣದಲ್ಲೇ ಯಂತ್ರ ಕೊಳ್ಳುವ ಆಸೆ ಸಹಜ. ಆದರೆ ವಾಯಿದೆ ಬಂದಾಗ ಯಂತ್ರ ತನ್ನ ಬೆಲೆಯ ಕಾಲು ಪಾಲನ್ನೂ ದುಡಿದಿರುವುದಿಲ್ಲ. ವಾಯಿದೆ ತಪ್ಪಿದರೆ ಬಡ್ಡಿ ರಿಯಾಯಿತಿಯೂ ಹೋಯಿತು. ತಪ್ಪಬಾರದೆಂದರೆ ಕಣದಿಂದ ಎತ್ತಿದ ಮಾಲನ್ನು ಅಂದಿನ ಧಾರಣೆಗೇ ಕೊಟ್ಟು ಕೈತೊಳೆಯಬೇಕು. ಧಾರಣೆ ಏರುವವರೆಗೆ ಕಾಯುವ ಶಕ್ತಿಯನ್ನು ಸಣ್ಣ ಬೆಳೆಗಾರ ಕಳೆದುಕೊಳ್ಳುವುದು ಇಲ್ಲಿಯೇ.

ಒಂದು ಲೆಕ್ಕ ನೋಡಿ. ಪಲ್ಪರು ಮತ್ತು ಕಣಕ್ಕೆ 6 ಲಕ್ಷ ಬೇಕೆನ್ನಿ. ಸ್ವಂತದ್ದು 1.5 ಲಕ್ಷ, ಸಾಲ 4.5 ಲಕ್ಷ. ಬೆಳೆಸಾಲವಾದರೆ ಅಷ್ಟನ್ನೂ ಒಂದೇ ವರ್ಷದಲ್ಲಿ ಕಟ್ಟಬೇಕು. ಐದು ವರ್ಷದ ಸಾಲವಾದರೆ ವರ್ಷಕ್ಕೆ ಅಸಲು 90,000 ರೂಪಾಯಿ. ಸಹಕಾರ ಸಂಘಗಳ ಮಧ್ಯಮಾವಧಿ ಮತ್ತು ದೀರ್ಘಾವಧಿ ಕೃಷಿ ಸಾಲಕ್ಕೆ ಶೇ. 3ರ ಬಡ್ಡಿಯ ಮಿತಿಯನ್ನು ರಾಜ್ಯವು ಅದೇ 2023-24ರಲ್ಲಿ 10ರಿಂದ 15 ಲಕ್ಷಕ್ಕೆ ಏರಿಸಿತು. ಆ ದರದಲ್ಲಿ ಮೊದಲ ವರ್ಷದ ಬಡ್ಡಿ 13,500, ಶೇ. 10ರ ಸಾಲಕ್ಕಾದರೆ 45,000.

ಇಂಥ ದೀರ್ಘಾವಧಿ ಹಣದ ಹಿಂದೆ ಸಾರ್ವಜನಿಕ ಸಂಸ್ಥೆಗಳಿವೆ. 1982ರ ಜುಲೈ 12ರಂದು ಸ್ಥಾಪನೆಯಾದ ನಬಾರ್ಡ್ ರೈತನಿಗೆ ನೇರವಾಗಿ ಸಾಲ ಕೊಡುವುದಿಲ್ಲ. ಕೊಟ್ಟ ಬ್ಯಾಂಕಿಗೆ ಮರುಹಣಕಾಸು ಒದಗಿಸುತ್ತದೆ. ಕಾಫಿ ಹುರಿದು ಪುಡಿ ಮಾಡಿ ಮಾರುವ ಘಟಕ ಸಣ್ಣ ಉದ್ಯಮದ ಲೆಕ್ಕಕ್ಕೆ ಸೇರುತ್ತದೆ. ಅದಕ್ಕೆ 1959ರ ರಾಜ್ಯ ಹಣಕಾಸು ಸಂಸ್ಥೆ (ಕೆ.ಎಸ್.ಎಫ್.ಸಿ.) ಇದೆ, 1990ರ ಸಿಡ್ಬಿ ಇದೆ. ಕೇಂದ್ರ ಸರ್ಕಾರ ಮತ್ತು ಸಿಡ್ಬಿ ಸೇರಿ 2000ದಲ್ಲಿ ಸ್ಥಾಪಿಸಿದ ಖಾತರಿ ನಿಧಿಯು, ಆಸ್ತಿ ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿನ ನಷ್ಟದ ಒಂದು ಪಾಲನ್ನು ಹೊರುತ್ತದೆ. ಈ ಖಾತರಿ ಬ್ಯಾಂಕಿಗೆ. ಸಾಲ ತೀರಿಸುವ ಹೊಣೆ ನಮ್ಮದೇ. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯು ಕೊಯ್ಲೋತ್ತರ ಸೌಕರ್ಯಕ್ಕಾಗಿ ಪಡೆದ 2 ಕೋಟಿವರೆಗಿನ ಸಾಲಕ್ಕೆ 7 ವರ್ಷ ಶೇ. 3ರ ಬಡ್ಡಿ ರಿಯಾಯಿತಿ ಗೊತ್ತುಮಾಡಿತು. ಇಂಥ ಯೋಜನೆಗಳಿಗೆ ಮಂಜೂರಾತಿಯ ಗಡುವಿರುತ್ತದೆ. ಅರ್ಜಿಗೆ ಮುನ್ನ ವಿಚಾರಿಸಿ.

ಸಂಸ್ಥೆಗಳು ದೂರದಲ್ಲಿರಬಹುದು, ಬಾಗಿಲು ಮಾತ್ರ ನಮ್ಮ ಊರಿನ ಬ್ಯಾಂಕು ಮತ್ತು ಸಂಘವೇ. ಹೋಗುವಾಗ ಪಹಣಿ, ಯಂತ್ರದ ದರಪಟ್ಟಿ, ಮೂರು ವರ್ಷದ ಫಸಲಿನ ಮಾರಾಟ ಚೀಟಿಗಳು ಕೈಯಲ್ಲಿರಲಿ. ಚೀಟಿ ಇಲ್ಲದೆ ಮಾರಿದ ಮಾಲು ಬ್ಯಾಂಕಿನ ಕಣ್ಣಿಗೆ ಬೆಳೆಯದ ಮಾಲು. ಮೊದಲ ಕಂತು ಯಾವಾಗಿನಿಂದ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ; ಹೊಸ ತೋಟಕ್ಕಾದರೆ ಗಿಡ ಫಸಲಿಗೆ ಬರುವವರೆಗೆ ಬಿಡುವು ಕೇಳಿ.

ಸಾಲ ತೆಗೆಯಲೇಬೇಕೆಂದು ಯಾರಿಗೂ ಹೇಳುತ್ತಿಲ್ಲ. ಎರಡು ಎಕರೆಯ ಮಾಲಿಗೆ ಹತ್ತು ಎಕರೆಯ ಪಲ್ಪರು ಬೇಡ. ಅಂಥಲ್ಲಿ ನಾಲ್ಕು ಮನೆಯವರು ಸೇರಿ ಒಂದು ಕೊಳ್ಳುವುದೇ ಜಾಣತನ. ಅರ್ಜಿ, ಲೆಕ್ಕಪತ್ರ ಬರೆಯಲು ತೊಡಕಾದವರು ಕಾಗದಗಳೊಂದಿಗೆ ಕಚೇರಿಗೆ ಬನ್ನಿ, ಕೂತು ಬರೆಯೋಣ.

— ಕಾರ್ಯದರ್ಶಿ