ಹಳೆಯ ಸಮಾಧಿಭೂಮಿಗಳ ಸಂದರ್ಶನವೂ ಅವುಗಳ ಛಾಯಾಚಿತ್ರಗಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ನನ್ನನ್ನು ಕಂಡಾಗಲೆಲ್ಲ, "ಅಮ್ಮನವರೇ, ಶನಿವಾರ ಮಧ್ಯಾಹ್ನ ಈಗಲೂ ಗೋರಿಗಳನ್ನು ನೋಡುವುದಕ್ಕೆ ಹೋಗುತ್ತೀರೋ?" ಎಂದು ನಗುತ್ತ ಕೇಳುವುದುಂಟು. ಕೆಲವರ ತಾಯಂದಿರು ನಗದೆಯೇ ಕೇಳುತ್ತಾರೆ. ಹೆಂಗಸೊಬ್ಬಳು ಒಬ್ಬಂಟಿಯಾಗಿ ಕ್ಯಾಮೆರಾ ಹಿಡಿದುಕೊಂಡು ಸಮಾಧಿಭೂಮಿಯಲ್ಲಿ ಸಂಚರಿಸುವುದು ಅವರಿಗೆ ಅಮಂಗಳವಾಗಿ ತೋರುವುದಲ್ಲದೆ, ಮುಖ್ಯೋಪಾಧ್ಯಾಯಿನಿಯ ಘನತೆಗೆ ಒಪ್ಪುವ ಕಾಲಕ್ಷೇಪವೇ ಎಂಬ ಸಂದೇಹವೂ ಮನಸ್ಸಿನಲ್ಲಿರುವುದು. ಈ ಸ್ಮರಣ ಸಂಚಿಕೆಗಾಗಿ ಒಂದು ಲೇಖನವನ್ನು ಕೊಡಬೇಕೆಂದು ಕೇಳಿದಾಗ, ಅವರೆಲ್ಲರಿಗೂ ಒಂದೇ ಸಲ ಉತ್ತರ ಹೇಳಿಬಿಡುವುದು ಯುಕ್ತವೆಂದು ನನಗೆ ತೋರಿತು. ನಮ್ಮ ಶಾಲೆಗೆ ಸಂಬಂಧಪಟ್ಟ ಒಂದು ಸಂಗತಿಯನ್ನೂ ಹೇಳಬೇಕಾಗಿದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಭಯದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ವಾರದಲ್ಲಿ ಐದೂವರೆ ದಿವಸಗಳನ್ನು ನೂರಾರು ಹುಡುಗಿಯರ ಕಲರವದ ಮಧ್ಯದಲ್ಲಿ ಕಳೆಯುವವಳಿಗೆ ಮಾತನಾಡದ ನೆರೆಹೊರೆಯು ಎಷ್ಟು ಹಿತವೆಂಬುದನ್ನು, ತಾವೂ ಉಪಾಧ್ಯಾಯಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ನಿಜವಾಗಿ ಹೆದರಬೇಕಾದವುಗಳು ಹಾವು, ಹೆಜ್ಜೇನು, ಒಳಗೆ ಟೊಳ್ಳಾಗಿ ಮೇಲೆ ಹುಲ್ಲು ಬೆಳೆದ ಹಳೆಯ ಗೋರಿಗಳು. ಕಾಲಿಗೆ ದಪ್ಪನೆಯ ಬೂಟು, ಕೈಗೆ ಒಂದು ಕೋಲು, ಕಾವಲುಗಾರನಿಗೆ ಮುಂಚಿತವಾಗಿ ಒಂದು ಮಾತು, ಇವಿಷ್ಟಿದ್ದರೆ ಸಾಕು.

ಈ ಹವ್ಯಾಸವು ನನಗೆ ಅಂಟಿಕೊಂಡದ್ದು ಶ್ರೀರಂಗಪಟ್ಟಣದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಮಾರ್ಗದಿಂದ ಸ್ವಲ್ಪವೇ ದೂರದಲ್ಲಿ, ಕಾವೇರಿಯ ದಡದ ಮೇಲೆ, ಅಲ್ಲಿಯ ದಂಡಿನವರ ಹಳೆಯ ಸಮಾಧಿಭೂಮಿಯು ಇರುವುದು. ಸುಮಾರು ೩೦೦ ಗೋರಿಗಳಿವೆ. ೧೭೯೯ನೆಯ ಇಸವಿ ಮೇ ತಿಂಗಳ ೪ನೆಯ ತಾರೀಖು ಕೋಟೆಯು ಬಿದ್ದು ಟೀಪು ಸುಲ್ತಾನನು ಮಡಿದುದನ್ನು ನಾವೆಲ್ಲರೂ ಪಾಠವಾಗಿ ಓದಿದ್ದೇವೆ. ನಾಲ್ಕನೆಯ ತರಗತಿಗೆ ಆ ಪಾಠವನ್ನು ಎಷ್ಟೋ ವರ್ಷ ನಾನೇ ಹೇಳಿದ್ದೇನೆ. ಆದರೆ ಗೆದ್ದವರಿಗೆ ಅನಂತರ ಏನಾಯಿತೆಂಬುದನ್ನು ನಾನು ಎಂದೂ ಹೇಳಿರಲಿಲ್ಲ. ಯಾಕಂದರೆ ನನಗೇ ಅದು ತಿಳಿದಿರಲಿಲ್ಲ. ಈ ಗೋರಿಗಳ ನಡುವೆ ನಿಂತಾಗ ತಿಳಿಯಿತು. ಗೆದ್ದ ಮೇಲೆ ಅಲ್ಲಿ ಉಳಿದ ದಂಡಿನವರೂ ಅವರ ಹೆಂಡಿರು ಮಕ್ಕಳೂ ವರ್ಷವರ್ಷವೂ ಸಾಯುತ್ತಲೇ ಹೋದರು. ಅವರನ್ನು ಕೊಂದದ್ದು ಬಹುಮಟ್ಟಿಗೆ ಚಳಿಜ್ವರ. ಕೆಟ್ಟ ಗಾಳಿಯಿಂದ ಬರುವ ರೋಗವೆಂದು ಆಗಿನ ವೈದ್ಯರು ನಂಬಿದ್ದರು. ಕಡೆಗೆ ೧೮೦೯ರಲ್ಲಿ ದಂಡನ್ನು ಅಲ್ಲಿಂದ ಎಬ್ಬಿಸಿ ಬೆಂಗಳೂರಿಗೆ ಸಾಗಿಸಿದರು. ಆ ಜ್ವರವನ್ನು ಹರಡುವುದು ಸೊಳ್ಳೆಯೆಂಬುದಕ್ಕೆ ಮೊದಲ ಸಾಕ್ಷ್ಯವು ದೊರೆತದ್ದು ೧೮೯೭ರಲ್ಲಿ, ರೊನಾಲ್ಡ್ ರಾಸ್ ಎಂಬ ವೈದ್ಯನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಜ್ವರದ ಕ್ರಿಮಿಯನ್ನು ಕಂಡಾಗ. ಬೆಂಗಳೂರಿನ ದಂಡು ಪ್ರದೇಶದ ಹುಟ್ಟಿಗೆ ಶ್ರೀರಂಗಪಟ್ಟಣದ ಸೊಳ್ಳೆಯೂ ಒಂದು ಕಾರಣವೆಂದು ನಾನು ಹುಡುಗಿಯರಿಗೆ ಹೇಳಿದಾಗ ಮೊದಲು ನಗುತ್ತಾರೆ, ಆಮೇಲೆ ಮರೆಯುವುದಿಲ್ಲ.

ಅಲ್ಲಿರುವ ಗೋರಿಗಳೆಲ್ಲ ಇಂಗ್ಲಿಷರವೂ ಅಲ್ಲ. ಡಿ ಮ್ಯೂರಾನ್ ಎಂಬ ಸ್ವಿಸ್ ದಂಡಿನವರ ಗೋರಿಗಳು ಅನೇಕ ಇರುವುವು. ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್ ಪ್ರಾಂತದವನೊಬ್ಬನು ೧೭೮೧ರಲ್ಲಿ ಡಚ್ಚರ ಕಂಪೆನಿಗಾಗಿ ಕೂಡಿಸಿದ ಆ ದಂಡು ೧೭೯೫ರಲ್ಲಿ ಸಿಂಹಳದಲ್ಲಿ ಇಂಗ್ಲಿಷರ ಕಡೆಗೆ ಸೇರಿ, ನಾಲ್ಕು ವರ್ಷಗಳ ಮೇಲೆ ಕಾವೇರಿಯನ್ನು ದಾಟಿತು. ಹಿಮದ ಬೆಟ್ಟಗಳ ನಾಡಿನ ಹುಡುಗರು ಸಂಬಳಕ್ಕಾಗಿ ಎರಡು ಕಂಪೆನಿಗಳ ಕೈಬದಲಾಗಿ ನಮ್ಮ ಹೊಳೆಯ ದಡದಲ್ಲಿ ಮಲಗಿದ್ದಾರೆ. ಈಚೆಗೆ ಆ ಮನೆತನದವರೇ ಅಷ್ಟು ದೂರದಿಂದ ಮುಂದೆ ಬಂದು ಗೋರಿಗಳನ್ನು ದುರಸ್ತು ಮಾಡಿಸಿದರೆಂಬುದನ್ನು ಕೇಳಿ ನನಗೆ ಸಂತೋಷವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು.

ಇನ್ನೊಂದು ಸಂಚಾರವನ್ನು ಉತ್ತರದ ಕಡೆಯ ನಮ್ಮ ವಿದ್ಯಾರ್ಥಿನಿಯರು ಒಂದೇ ದಿವಸದಲ್ಲಿ ಮಾಡಬಹುದು. ಧಾರವಾಡದಲ್ಲಿ, ೧೮೨೪ನೆಯ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಹತನಾದ ಕಲೆಕ್ಟರ್ ಥ್ಯಾಕರೆಯ ಸ್ಮಾರಕವಾಗಿ ಎತ್ತಿದ ಎತ್ತರವಾದ ಕಂಬವಿದೆ. ಇವನು ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪನು. ಅದನ್ನು ನೋಡಿಕೊಂಡು ಬೈಲಹೊಂಗಲಕ್ಕೆ ಹೋದರೆ, ಅಲ್ಲಿಯ ಕೋಟೆಯಲ್ಲಿ ಸೆರೆಯಾಗಿದ್ದು ೧೮೨೯ರಲ್ಲಿ ತೀರಿಕೊಂಡ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿಯನ್ನು ಕಾಣಬಹುದು. ಒಂದೇ ಕಾಳಗದ ಎರಡು ಕಡೆಯವರು. ಒಂದರ ಚಿತ್ರವನ್ನು ತೆಗೆದು ಇನ್ನೊಂದನ್ನು ಬಿಟ್ಟುಬರುವುದು ಅರ್ಧ ಪಾಠವನ್ನು ಓದಿದಂತೆ. ನಾನು ಮೊದಲ ಸಲ ಹಾಗೆಯೇ ಬಿಟ್ಟುಬಂದೆನೆಂದು ಒಪ್ಪಿಕೊಳ್ಳಬೇಕು, ಬಸ್ಸು ತಪ್ಪಿತ್ತು.

ದೂರದ ಊರುಗಳಲ್ಲಿ ಎರಡನ್ನು ಮಾತ್ರ ಹೆಸರಿಸುತ್ತೇನೆ. ಸೂರತ್ತಿನಲ್ಲಿ ಇಂಗ್ಲಿಷ್ ವರ್ತಕರೂ ಡಚ್ಚ್ ವರ್ತಕರೂ ಬದುಕಿದ್ದಾಗ ವ್ಯಾಪಾರದಲ್ಲಿ ಪೈಪೋಟಿ ಮಾಡಿದ್ದು ಸಾಲದೆಂಬಂತೆ ಸತ್ತ ಮೇಲೆ ಗೋರಿಗಳ ಎತ್ತರದಲ್ಲಿಯೂ ಪೈಪೋಟಿ ನಡೆಸಿರುವರು. ೧೬೯೧ರಲ್ಲಿ ಮೃತನಾದ ವಾನ್ ರೀಡ್ ಎಂಬ ಡಚ್ಚ್ ಅಧಿಕಾರಿಯ ಗುಮ್ಮಟವಂತೂ ನವಾಬನ ಗೋರಿಯಂತಿದೆ. ಮಲೆಯಾಳ ದೇಶದ ಗಿಡಮೂಲಿಕೆಗಳನ್ನು ಕುರಿತ ಹನ್ನೆರಡು ಸಂಪುಟಗಳ ಗ್ರಂಥವನ್ನು ಮಾಡಿಸಿದವನು ಈತನೇ. ಕಲ್ಕತ್ತೆಯ ದಕ್ಷಿಣ ಪಾರ್ಕ್ ಸ್ಟ್ರೀಟಿನ ಸಮಾಧಿಭೂಮಿಯು ೧೭೬೭ರಲ್ಲಿ ಪ್ರಾರಂಭವಾದದ್ದು. ಸಂಸ್ಕೃತವನ್ನು ಕಲಿತು ಏಷಿಯಾಟಿಕ್ ಸೊಸೈಟಿಯನ್ನು ಸ್ಥಾಪಿಸಿದ ಸರ್ ವಿಲಿಯಂ ಜೋನ್ಸನ ಗೋಪುರವೂ, ೧೮೩೧ರಲ್ಲಿ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ತೀರಿಹೋದ ಉಪಾಧ್ಯಾಯ ಹಾಗೂ ಕವಿ ಡೆರೋಜಿಯೋನ ಗೋರಿಯೂ ಅಲ್ಲಿಯೇ ಇವೆ. ಹಿಂದೂ ಆಚಾರಗಳನ್ನು ಪ್ರೀತಿಸಿ "ಹಿಂದೂ ಸ್ಟೂವರ್ಟ್" ಎಂದೇ ಕರೆಯಿಸಿಕೊಂಡ ಸೇನಾಪತಿಯ ಗೋರಿಯು ಪುಟ್ಟ ದೇವಾಲಯದ ಆಕಾರದಲ್ಲಿದೆ. ಅದರ ಎದುರು ಬದಿಗಿದ್ದ ಉತ್ತರದ ಸಮಾಧಿಭೂಮಿಯಾದರೋ ಇಂದು ಇಲ್ಲವೆಂದೇ ಹೇಳಬೇಕು.

ಇಲ್ಲವಾಗುವ ಈ ಸಂಗತಿಯೇ ಛಾಯಾಚಿತ್ರಕ್ಕೆ ಬೆಲೆ ತರುವುದು. ೧೭೯೧ರಲ್ಲಿ ಬೆಂಗಳೂರಿನ ಕೋಟೆಯ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಸೇನಾಧಿಕಾರಿಗಳ ಸಮಾಧಿಭೂಮಿಯನ್ನು ದಂಡಿನ ಜೊತೆಯಲ್ಲಿ ಬಂದಿದ್ದ ರಾಬರ್ಟ್ ಹೋಮ್ ಎಂಬ ಚಿತ್ರಗಾರನು ಬರೆದಿದ್ದನು. ೧೭೯೪ರಲ್ಲಿ ಅದು ಅಚ್ಚಾಯಿತು. ಆ ಭೂಮಿಯ ಗುರುತು ಈಗ ಬೆಂಗಳೂರಿನಲ್ಲಿಲ್ಲ, ಚಿತ್ರ ಇದೆ. ಅದೇ ಯುದ್ಧದ ನೆನಪಿಗಾಗಿ ನಗರದಲ್ಲಿ ನಿಲ್ಲಿಸಿದ್ದ ಸ್ತಂಭವನ್ನು ೧೯೬೪ರಲ್ಲಿ ತೆಗೆದುಹಾಕಿದರು. ಪರರಾಜರ ಸ್ತಂಭವನ್ನು ತೆಗೆದದ್ದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಅದರ ಮೇಲೆ ಏನಿತ್ತೆಂದು ತಿಳಿಯಬೇಕಾದವರು ಇಂದು ಹಳೆಯ ಛಾಯಾಚಿತ್ರಗಳನ್ನೂ ಬರಹಗಳನ್ನೂ ಹುಡುಕಬೇಕಾಗಿದೆ ಎಂಬುದಷ್ಟೇ ನನ್ನ ಮಾತು.

ಈಗ ಚಿತ್ರ ತೆಗೆಯುವ ಕ್ರಮವನ್ನು ಹೇಳುತ್ತೇನೆ. ಬೆಲೆಯುಳ್ಳ ಕ್ಯಾಮೆರಾ ಬೇಕಾಗಿಲ್ಲ. ಮೊಬೈಲ್ ಫೋನೂ ಆಗಬಹುದು. ಬೇಕಾದದ್ದು ಬಿಸಿಲಿನ ಜ್ಞಾನ. ಕಲ್ಲಿನಲ್ಲಿ ಕೊರೆದ ಅಕ್ಷರವು ಕಣ್ಣಿಗೆ ಕಾಣುವುದು ಅದರ ಬಣ್ಣದಿಂದಲ್ಲ, ಅದರೊಳಗೆ ಬೀಳುವ ನೆರಳಿನಿಂದ. ಬೆಳಕು ಕಲ್ಲಿನ ಮೇಲೆ ನೇರವಾಗಿ ಸುರಿದರೆ ನೆರಳು ಹುಟ್ಟದು, ಅಕ್ಷರವು ಮಾಯವಾಗುವುದು. ಬೆಳಕು ಪಕ್ಕದಿಂದ ಕಲ್ಲಿನ ಮೈಯನ್ನು ಸವರಿಕೊಂಡು ಬಂದರೆ ಸವೆದುಹೋದ ಅಕ್ಷರವೂ ಎದ್ದು ನಿಲ್ಲುವುದು. ಅದು ಕಾರಣ ನೆಲದ ಮೇಲೆ ಮಲಗಿಸಿದ ಚಪ್ಪಡಿಗೆ ಬೆಳಗಿನ ಎಳೆಬಿಸಿಲು ಅಥವಾ ಸಂಜೆಯ ಇಳಿಬಿಸಿಲು ತಕ್ಕದ್ದು, ನಡುಹಗಲು ವ್ಯರ್ಥ. ನಿಲ್ಲಿಸಿದ ಕಲ್ಲಿನ ಲೆಕ್ಕವೇ ಬೇರೆ. ಕ್ರೈಸ್ತರು ಹಿಂದಿನಿಂದಲೂ ಕಾಲನ್ನು ಪೂರ್ವಕ್ಕೆ ಮಾಡಿ ಹೂಳುವ ವಾಡಿಕೆಯುಳ್ಳವರಾದುದರಿಂದ ಅನೇಕ ಕಲ್ಲುಗಳು ಪೂರ್ವಾಭಿಮುಖವಾಗಿರುತ್ತವೆ. ಅಂಥ ಕಲ್ಲಿಗೆ ಮುಂಜಾನೆಯ ಬಿಸಿಲು ಎದುರಿನಿಂದಲೇ ಹೊಡೆಯುವುದು. ಸೂರ್ಯನು ನೆತ್ತಿಗೆ ಬರುವುದಕ್ಕೆ ಸ್ವಲ್ಪ ಮುಂಚೆ ಕಾದು ನಿಂತರೆ ಬೆಳಕು ಮೇಲಿನಿಂದ ಕಲ್ಲಿನ ಮುಖವನ್ನು ಸವರಿಕೊಂಡು ಇಳಿಯುವ ಒಂದು ಗಳಿಗೆ ಸಿಕ್ಕುತ್ತದೆ. ಉತ್ತರಕ್ಕೆ ಮುಖ ಮಾಡಿದ ಕಲ್ಲಿಗೆ ವರ್ಷದ ಬಹು ತಿಂಗಳು ನೇರ ಬಿಸಿಲೇ ಇಲ್ಲ. ಅಲ್ಲಿ ಒಂದು ದೊಡ್ಡ ಕನ್ನಡಿಯನ್ನು ಬಿಸಿಲಿನಲ್ಲಿ ಒರಗಿಸಿಟ್ಟು ಬೆಳಕನ್ನು ಓರೆಯಾಗಿ ತಿರುಗಿಸಬೇಕು. ನಾನು ಒಬ್ಬಳೇ ಹೋಗುವುದರಿಂದ ಕನ್ನಡಿಗೆ ನನ್ನ ಚೀಲವೇ ಆಸರೆ. ಒಂದು ಸಲ ಅದು ಜಾರಿ ಒಡೆದುಹೋಯಿತು. ಕನ್ನಡಿ ಒಡೆದದ್ದೂ ಸಮಾಧಿಭೂಮಿಯಲ್ಲಿ ಎಂದು ಕೇಳಿ ನಮ್ಮ ಹಾಸ್ಟೆಲಿನ ಅಡಿಗೆಯಾಕೆ ಒಂದು ವಾರ ನನ್ನನ್ನು ಕನಿಕರದಿಂದ ನೋಡಿದಳು.

ಅಕ್ಷರ ಕಾಣದಿದ್ದರೆ ಸೀಮೆಸುಣ್ಣ ಅಥವಾ ಹಿಟ್ಟು ತಿಕ್ಕುವ ಪದ್ಧತಿಯುಂಟು. ದಯಮಾಡಿ ಹಾಗೆ ಮಾಡಬಾರದು. ಸುಣ್ಣದ ಕಡ್ಡಿ ಕಲ್ಲನ್ನು ಗೀರುವುದು, ಹಿಟ್ಟು ಬೂಷ್ಟನ್ನು ಸಾಕುವುದು. ತಂತಿಯ ಬ್ರಷ್ಷಂತೂ ಉಳಿದ ಅಕ್ಷರಗಳನ್ನೂ ಒಯ್ಯುವುದು. ಅಮೃತಶಿಲೆಯು ನೋಡಲು ಚೆಂದ, ಆದರೆ ಮಳೆಗೆ ಕರಗುವ ಜಾತಿ. ಅದರಲ್ಲಿ ಸೀಸದ ಅಕ್ಷರಗಳನ್ನು ಕೂಡಿಸಿದ್ದರೆ ಅವು ಉದುರಿಹೋಗಿರುವುದು ಸಾಮಾನ್ಯ. ಆಗ ಉಳಿದ ಚಿಕ್ಕ ತೂತುಗಳ ಸಾಲನ್ನು ನೋಡಿಯೇ ಯಾವ ಅಕ್ಷರವಿತ್ತೆಂದು ಊಹಿಸಬಹುದು. ಹೊಲಿಗೆ ಬಿಚ್ಚಿದ ಬಟ್ಟೆಯ ಮೇಲೆ ಸೂಜಿಯ ತೂತುಗಳನ್ನು ಓದಿದಂತೆ. ಮೊದಲು ಇಡೀ ಗೋರಿಯ ಚಿತ್ರ, ಆಮೇಲೆ ಬರಹದ ಚಿತ್ರ, ಆಮೇಲೆ ಕೈಯಾರೆ ಪುಸ್ತಕದಲ್ಲಿ ನಕಲು. ಈ ಮೂರನೆಯದನ್ನು ಬಿಡಬಾರದು. ಚಿತ್ರದಲ್ಲಿ ಕಾಣದ್ದು ಬೆರಳಿಗೆ ತಿಳಿಯುವುದುಂಟು.

ಈ ಕಡೆಯ ಮಾತನ್ನು ನಾನು ಬೆಲೆ ತೆತ್ತು ಕಲಿತೆನು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಹೊಸ ಉಪಾಧ್ಯಾಯಿನಿಯಾಗಿ ಈ ಶಾಲೆಗೆ ಬಂದ ಮೊದಲ ವರ್ಷದಲ್ಲಿ, ಊರಾಚೆಯ ಹಳೆಯ ಸಮಾಧಿಭೂಮಿಯಲ್ಲಿ ಪರದೇಶಿಗಳ ಗೋರಿಗಳೆಲ್ಲ ಮುಗಿದ ಮೇಲೆ, ಹಿಂಬದಿಯ ಗೋಡೆಯ ಹತ್ತಿರ ಲಂಟಾನದ ಪೊದೆಯೊಳಗೆ ಕನ್ನಡದ ಚಪ್ಪಡಿಯೊಂದನ್ನು ಕಂಡೆನು. ದೊರೆಗಳ ಗೋರಿಗಳ ಬರಹಗಳನ್ನು ಅಚ್ಚುಹಾಕಿದವರುಂಟು. ಮದ್ರಾಸು ಪ್ರಾಂತದವುಗಳನ್ನು ಜೂಲಿಯನ್ ಕಾಟನ್ ಎಂಬವರು ೧೯೦೫ರಲ್ಲಿಯೇ ದಪ್ಪ ಪುಸ್ತಕವಾಗಿ ಪ್ರಕಟಿಸಿದರು. ನಮ್ಮವರ ಕಲ್ಲುಗಳನ್ನು ಹಾಗೆ ಬರೆದುಕೊಂಡ ಪುಸ್ತಕ ಯಾವುದೂ ನನ್ನ ಕೈಗೆ ಸಿಕ್ಕಿಲ್ಲ. ಬಡವರಾಗಿದ್ದುದರಿಂದ ಬಹಳ ಮಂದಿಗೆ ಮರದ ಶಿಲುಬೆಯೇ ಹೊರತು ಕಲ್ಲೂ ಇರಲಿಲ್ಲ, ಮರವನ್ನು ಗೆದ್ದಲು ತಿಂದಿತು. ಈ ಒಂದು ಚಪ್ಪಡಿಯ ಮೇಲೆ ಮಾತ್ರ "ಬಾಲಿಕಾ ಶಾಲೆಯ ಉಪಾಧ್ಯಾಯಿನಿ" ಎಂಬ ಮಾತುಗಳು ಸ್ಪಷ್ಟವಾಗಿದ್ದುವು. ಅವುಗಳ ಮೇಲಿನ ಸಾಲಿನಲ್ಲಿ ಹೆಸರು ಇತ್ತು. ನಾನು ಅದನ್ನು ಓದಿದೆನು, ಬಾಯಿಬಿಟ್ಟು ಓದಿದೆನು. ಸಮಯ ಮಧ್ಯಾಹ್ನ ಹನ್ನೆರಡೂವರೆ. ಒಂದು ಚಿತ್ರ ತೆಗೆದು, ಊಟದ ಗಂಟೆಯಾಯಿತೆಂದು ಬಂದುಬಿಟ್ಟೆನು. ಮುಂದಿನ ಶನಿವಾರ ಬಂದು ಬರೆದುಕೊಳ್ಳುವೆನೆಂದು ಅಂದುಕೊಂಡಿದ್ದೆನು. ಆ ಶನಿವಾರ ಬರುವುದಕ್ಕೆ ಮೂರು ವರ್ಷ ಹಿಡಿಯಿತು.

ಅಷ್ಟರಲ್ಲಿ ಹಿಂಬದಿಯ ಗೋಡೆ ಬಿದ್ದು, ಅದನ್ನು ಮತ್ತೆ ಕಟ್ಟಿಸುವಾಗ ಚಪ್ಪಡಿಯು ಹೋಗಿತ್ತು. ಚಿತ್ರವನ್ನು ತೆಗೆದು ನೋಡಿದೆನು. ಬೋಳು ಕಲ್ಲು, ಒಂದು ಮೂಲೆಯಲ್ಲಿ ನನ್ನ ಕೊಡೆಯ ನೆರಳು ಬಿದ್ದ ಕಡೆ "ಯಿನಿ" ಎಂಬ ಎರಡು ಅಕ್ಷರಗಳು. ಹೆಸರನ್ನು ನೆನಪಿಸಿಕೊಳ್ಳಲು ಎಷ್ಟೋ ರಾತ್ರಿ ಪ್ರಯತ್ನಿಸಿದ್ದೇನೆ. "ಮ್ಮ" ಎಂದು ಮುಗಿಯುತ್ತಿತ್ತೆಂಬುದು ಮಾತ್ರ ಗೊತ್ತು, ಆದರೆ ನಮ್ಮಲ್ಲಿ ಯಾರ ಹೆಸರು ಹಾಗೆ ಮುಗಿಯುವುದಿಲ್ಲ? ನಮ್ಮ ಶಾಲೆಯ ಮೊದಲಿನ ವರ್ಷಗಳ ದಾಖಲೆಯಲ್ಲಿ ಮೇಲ್ವಿಚಾರಣೆಯ ಅಮ್ಮನವರ ಹೆಸರುಗಳೆಲ್ಲ ಇವೆ. ತರಗತಿಯಲ್ಲಿ ನಿಂತು ಅಕ್ಷರ ತಿದ್ದಿಸಿದ ನಮ್ಮ ಹೆಂಗಸರನ್ನು "ದೇಶೀಯ ಶಿಕ್ಷಕಿಯರು, ಇಬ್ಬರು" ಎಂದು ಬರೆದು ಮುಗಿಸಿದ್ದಾರೆ. ಆ ಇಬ್ಬರಲ್ಲಿ ಒಬ್ಬಾಕೆಯ ಹೆಸರನ್ನು ಓದಿದವಳು ನಾನು, ಕಳೆದವಳೂ ನಾನು. ಗೋಡೆ ಕಟ್ಟಿದವರನ್ನು ನಾನು ದೂರುವುದಿಲ್ಲ. ಅವರಿಗೆ ಅದು ಒಳ್ಳೆಯ ಚಪ್ಪಡಿಯಾಗಿ ಕಂಡಿತು, ಅಷ್ಟೇ.

ಹೋದ ಜೂನಿನಲ್ಲಿ, ಮಗಳನ್ನು ಐದನೆಯ ತರಗತಿಗೆ ಸೇರಿಸಲು ಬಂದ ಒಬ್ಬ ಮೇಸ್ತ್ರಿಯು ನನ್ನ ಕೋಣೆಯ ಗೋಡೆಯ ಮೇಲಿನ ಗೋರಿಯ ಚಿತ್ರಗಳನ್ನು ನೋಡಿ, ತನ್ನ ತಂದೆಯು ಆ ಗೋಡೆಯ ಕೆಲಸ ಮಾಡಿದ್ದನೆಂದೂ, ಉಳಿದ ಒಂದು ಚಪ್ಪಡಿಯನ್ನು ಸಮಾಧಿಭೂಮಿಯ ಬಾಗಿಲ ಮುಂದಿನ ಚರಂಡಿಯ ಮೇಲೆ ಹಾಸಿದನೆಂದೂ ಹೇಳಿದನು. ನಾನು ಆ ಚಪ್ಪಡಿಯ ಮೇಲೆ ಕಾಲಿಟ್ಟು ಹದಿನೇಳು ವರ್ಷಗಳಿಂದ ಒಳಗೆ ಹೋಗುತ್ತ ಬರುತ್ತ ಇದ್ದೇನೆ. ಬರಹವಿರುವ ಮುಖವನ್ನು ಅವನ ತಂದೆಯು ಕೆಳಗೆ ಮಾಡಿ ಹಾಕಿದನಂತೆ. ತುಳಿಯಬಾರದೆಂದು.

ಮಳೆಗಾಲ ಮುಗಿದ ಮೇಲೆ ಅದನ್ನು ಎತ್ತಿಸಲು ಸಭೆಯ ಹಿರಿಯರು ಅನುಮತಿ ಕೊಟ್ಟಿರುತ್ತಾರೆ. ಬದಲಿಗೆ ಹಾಸಲು ಬೇರೆ ಚಪ್ಪಡಿಯ ಬೆಲೆಯನ್ನು ನಾನು ಕೊಟ್ಟಿದ್ದೇನೆ. ಸಂಜೆ ನಾಲ್ಕೂವರೆಗೆ ಎತ್ತಬೇಕೆಂದು ಮೇಸ್ತ್ರಿಗೆ ಹೇಳಿದೆ. ಹಗಲಿನಲ್ಲಿ ಮಾಡಿದರೆ ಕೂಲಿಯವರು ಬೇಗ ಮನೆಗೆ ಹೋಗಬಹುದಲ್ಲ ಎಂದು ಅವನು ಕೇಳಿದ್ದಕ್ಕೆ, ಬೇಡ, ಆ ಹೊತ್ತಿಗೇ ಆಗಬೇಕು, ಹೆಚ್ಚು ಕೂಲಿ ಕೊಡುತ್ತೇನೆ ಎಂದೆನು. ಆ ದಿವಸ ಬರಲು ಅನುಕೂಲವಿರುವ ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಒಂದು ಕಾಗದ ಬರೆದರೆ ತಾರೀಖನ್ನು ತಿಳಿಸುವೆನು. ಬರುವವರು ಒಂದೊಂದು ಪುಸ್ತಕವನ್ನೂ ಪೆನ್ಸಿಲನ್ನೂ ತರಬೇಕು.