ಕಾರ್ನಿವಲ್ ಗಾಜು: ಕೊಳ್ಳುವ ಮುನ್ನ ತಿರುಗಿಸಿ ನೋಡಿ

ಹಳೆಯ ಕಲಾಗಾಜು ಸಂಗ್ರಹಿಸುವ ಆಸೆಯಿದೆ, ಕೈಯಲ್ಲಿ ಹೆಚ್ಚು ಹಣವಿಲ್ಲ ಎನ್ನುವವರು ಕಾರ್ನಿವಲ್ ಗಾಜಿನಿಂದ ಆರಂಭಿಸಬಹುದು. ಇದು ಅಚ್ಚಿನಲ್ಲಿ ಒತ್ತಿ ಮಾಡಿದ, ಮೈಮೇಲೆ ಬಣ್ಣಬಣ್ಣದ ಹೊಳಪಿರುವ ಗಾಜು. ಅಮೆರಿಕದ ಕಲಾವಿದ ಟಿಫಾನಿ ಊದಿಸಿ ಮಾಡಿಸುತ್ತಿದ್ದ ಹೊಳಪಿನ ಗಾಜು ಸಿರಿವಂತರ ಪಾಲಾಗಿತ್ತು. 1908ರ ಹೊತ್ತಿಗೆ ಅಲ್ಲಿನ ವೆಸ್ಟ್ ವರ್ಜೀನಿಯಾದ ಫೆಂಟನ್, ನಾರ್ತ್‌ವುಡ್ ಕಾರ್ಖಾನೆಗಳು ಅಂಥದೇ ಹೊಳಪನ್ನು ಅಗ್ಗದ ಬಟ್ಟಲು, ಜಗ್ಗು, ಹೂದಾನಿಗಳಿಗೆ ತಂದವು.

ಹೊಳಪು ಬರುವುದು ಹೇಗೆ? ಕರಗಿದ ಗಾಜನ್ನು ಕಬ್ಬಿಣದ ಅಚ್ಚಿಗೆ ಸುರಿದು ಒತ್ತುತ್ತಾರೆ. ಹೊರತೆಗೆದು, ಇನ್ನೂ ಬಿಸಿಯಿರುವಾಗಲೇ ಕಬ್ಬಿಣ ಅಥವಾ ತವರದ ಲವಣದ ದ್ರಾವಣ ಸಿಂಪಡಿಸುತ್ತಾರೆ. ಮೈಮೇಲೆ ಲೋಹದ ಆಕ್ಸೈಡಿನ ತೀರಾ ತೆಳುವಾದ ಪೊರೆ ಕೂರುತ್ತದೆ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಣ್ಣ ತೋರುವಂತೆ, ಈ ಪೊರೆಯೂ ಬೆಳಕನ್ನು ಒಡೆದು ಬಣ್ಣ ತೋರಿಸುತ್ತದೆ. ತುಂಬ ಬಿಸಿಯಿದ್ದಾಗ ಸಿಂಪಡಿಸಿದರೆ ರೇಷ್ಮೆಯಂಥ ಮಂದ ಹೊಳಪು, ಸ್ವಲ್ಪ ಆರಿದ ಮೇಲೆ ಸಿಂಪಡಿಸಿದರೆ ಕನ್ನಡಿಯಂಥ ಹೊಳಪು.

ಹಾಗಾಗಿ ಮೇಲೆ ಕಾಣುವ ಬಣ್ಣವೇ ಗಾಜಿನ ಬಣ್ಣವಲ್ಲ. ಬೆಲೆ ನಿಂತಿರುವುದು ಮುಖ್ಯವಾಗಿ ಒಳಗಿನ ಗಾಜಿನ ಬಣ್ಣದ ಮೇಲೆ. ಬಟ್ಟಲನ್ನು ಬೋರಲು ಹಾಕಿ. ತಳದ ಉಂಗುರದಲ್ಲಿ ಸಾಮಾನ್ಯವಾಗಿ ಪೊರೆ ಇರುವುದಿಲ್ಲ. ಅಲ್ಲಿಗೆ ಮೊಬೈಲಿನ ಟಾರ್ಚ್ ಹಿಡಿದು ನೋಡಿ. ಬಣ್ಣವಿಲ್ಲದ ಗಾಜಿನ ಮೇಲೆ ಕಿತ್ತಳೆ ಹೊಳಪಿದ್ದರೆ ಅದು ಮಾರಿಗೋಲ್ಡ್, ಎಲ್ಲಕ್ಕಿಂತ ಸಾಮಾನ್ಯ. ನೇರಳೆ, ನೀಲಿ, ಹಸಿರು ಅದಕ್ಕಿಂತ ಮೇಲು. ಕೆಂಪು ಅಪರೂಪ.

ಮುದ್ರೆ ಇದ್ದರೆ ಅಸಲಿಯೇ? ಹಾಗೇನಿಲ್ಲ. ಹಳೆಯ ಫೆಂಟನ್ ಗಾಜಿಗೆ ಮುದ್ರೆಯೇ ಇರಲಿಲ್ಲ. ಅಂಡಾಕಾರದೊಳಗೆ ಫೆಂಟನ್ ಹೆಸರು ಅಚ್ಚಾಗಿದ್ದರೆ ಅದು 1970ರಿಂದ ಈಚಿನದು. ವೃತ್ತದೊಳಗೆ ಅಡಿಗೆರೆ ಎಳೆದ ‘ಎನ್’ ಅಕ್ಷರ ನಾರ್ತ್‌ವುಡ್ ಗುರುತು. ಅದನ್ನು ಹೋಲುವ ನಕಲಿ ಮುದ್ರೆಗಳೂ ಬಂದಿವೆ. ಮುದ್ರೆಯ ಜತೆಗೆ ವಿನ್ಯಾಸ, ತೂಕ, ತಳದ ಸವೆತವನ್ನೂ ನೋಡಬೇಕು. ಬಳಸಿದ ಹಳೆಯ ಪಾತ್ರೆಯ ತಳದಲ್ಲಿ ನವಿರಾದ ಗೀರುಗಳು ನಾನಾ ದಿಕ್ಕಿಗೆ ಇರುತ್ತವೆ. ಒಂದೇ ದಿಕ್ಕಿನ ಗೀರುಗಳಾದರೆ ಯಾರೋ ಉಜ್ಜಿ ‘ಹಳೆಯದು’ ಮಾಡಿರಬಹುದು.

ನಮ್ಮ ದೇಶದ್ದೂ ಇದೆ. ಉತ್ತರ ಪ್ರದೇಶದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್ ಮಾರಿಗೋಲ್ಡ್ ಹೊಳಪಿನ ಲೋಟ, ಹೂದಾನಿಗಳನ್ನು ಮಾಡಿತ್ತು. ಮೀನು ಸುತ್ತಿಕೊಂಡ ಹೂದಾನಿ, ಆನೆಯ ಹೂದಾನಿ, ಕೈಯ ಆಕಾರದ ಹೂದಾನಿಗಳನ್ನು ಹೊರದೇಶದ ಸಂಗ್ರಾಹಕರೂ ಹುಡುಕುತ್ತಾರೆ. ಕೆಲವದರ ಮೇಲೆ ಇಂಗ್ಲಿಷಿನಲ್ಲಿ ‘ಜೈನ್’ ಎಂದು ಅಚ್ಚಾಗಿರುತ್ತದೆ. ಗಾಜು ತೆಳು, ಹೊಳಪು ಅಲ್ಲಲ್ಲಿ ಏರುಪೇರು. ಅದು ಈ ಮಾಲಿನ ಸ್ವಭಾವ, ದೋಷವೆಂದು ಬಿಟ್ಟುಬಿಡಬೇಡಿ.

ಬೆಲೆ ಎಷ್ಟು? ಅಮೆರಿಕದಲ್ಲಿ ಸಾಮಾನ್ಯ ಮಾರಿಗೋಲ್ಡ್ ಬಟ್ಟಲು 20ರಿಂದ 50 ಡಾಲರಿಗೆ ಸಿಗುತ್ತದೆ. ಅಪರೂಪದ ಬಣ್ಣಕ್ಕೆ ಸಾವಿರಾರು ಡಾಲರ್. ಅಂಚು ಚಕ್ಕೆ ಎದ್ದಿದ್ದರೆ, ಬಿರುಕು ಬಿಟ್ಟಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯಬಹುದು. ಅಂಚಿನ ಸುತ್ತ ಬೆರಳಾಡಿಸಿದರೆ ಕಣ್ಣಿಗೆ ಕಾಣದ ಚಕ್ಕೆಯೂ ಗೊತ್ತಾಗುತ್ತದೆ. ಅಮೆರಿಕದಿಂದ ತರಿಸುವುದಾದರೆ ಸಾಗಾಟ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಅಗ್ಗದ ಬಟ್ಟಲಿಗಿಂತ ಸಾಗಾಟವೇ ದುಬಾರಿಯಾಗುವುದುಂಟು.

ಎಲ್ಲಿ ಸಿಗುತ್ತದೆ? ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಂಥ ಹಳೆಸಾಮಾನಿನ ಬೀದಿಗಳಲ್ಲಿ ಹುಡುಕಿ. ಇ-ಬೇಯಂಥ ಆನ್‌ಲೈನ್ ಹರಾಜಿನಲ್ಲಾದರೆ ತಳದ ಫೋಟೊ ಮತ್ತು ಬೆಳಕಿಗೆ ಹಿಡಿದ ಫೋಟೊ ಕೇಳಿ ಪಡೆಯಿರಿ. ಕೊಡಲು ಒಪ್ಪದಿದ್ದರೆ ಕೊಳ್ಳಬೇಡಿ. ಇನ್ನೊಂದು ಮಾತು: ನಮ್ಮ ದೇಶದ 1972ರ ಪುರಾತನ ವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತುವಾಗುತ್ತದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಹೊರದೇಶದ ನೆಂಟರಿಗೆ ಉಡುಗೊರೆ ಕೊಡುವ ಯೋಚನೆಯಿದ್ದರೆ ಇದು ನೆನಪಿರಲಿ.

ಮನೆಗೆ ತಂದ ಮೇಲೆ ಸಿಂಕಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಲ್ಲಿ ತೊಳೆಯಿರಿ. ಹುಣಸೆ, ನಿಂಬೆ, ಬ್ಲೀಚು, ಸ್ಟೀಲ್ ಜುಂಗು ಯಾವುದೂ ಬೇಡ. ಉಪ್ಪಿನಕಾಯಿ ಹಾಕಿಡಲೂ ಬೇಡಿ. ಒಮ್ಮೆ ಹೋದ ಹೊಳಪನ್ನು ಮನೆಯಲ್ಲಿ ಮತ್ತೆ ತರಿಸಲಾಗದು.